ಮಂಟಪದ ಮೊದಲ ನೀರು

ಮಳೆನೀರಿನ ಮಂಟಪ ಕಟ್ಟಲು ಹಾವೇರಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೊದಲು ಕಿತ್ತು ಹಾಕಿದ್ದು ನೀರಿನ ನಳವನ್ನು. ಬ್ಯಾಡಗಿಯ ಹಾಲೇಶಪ್ಪ ಸಾವಕಾರನ ಮೆಣಸಿನಕಾಯಿ ದಾಸ್ತಾನಿಡುವ ವಖಾರದ ಅಂಗಳದಲ್ಲಿ ಕಾಯಿಯ ತೊಟ್ಟು ಬಿಡಿಸುವ ಹನ್ನೆರಡು ಹೆಂಗಸರಿಗೆ ಇದ್ದದ್ದು ಅದೊಂದೇ. ನಳ ನಕ್ಷೆಯ ನಟ್ಟನಡುವೆ ಬಂದಿತ್ತು. ನಕ್ಷೆ ತಿದ್ದಿದರೆ ರಬ್ಬರು ಸವೆಯುತ್ತದೆ.

ಅಂದಿನಿಂದ ಅವರಲ್ಲೊಬ್ಬಳಾದ ಗುತ್ತೆವ್ವ ಮನೆಯಿಂದ ಒಂದು ಕೊಡ ಹೊತ್ತು ತರುತ್ತಿದ್ದಳು. ಹನ್ನೆರಡು ಗಂಟಲಿಗೆ ಸಂಜೆಯವರೆಗೆ ಅಷ್ಟೇ.

ಜೂನಿನ ಮೊದಲ ಮಳೆ ಬೆಳಗ್ಗೆ ಸುರಿದು ನಿಂತಿತು. ಹತ್ತಕ್ಕೆ ಮಂಟಪಕ್ಕೆ ಅಂಕ ಹಾಕಲು ಬೆಂಗಳೂರಿನ ಪರೀಕ್ಷಕರೊಬ್ಬರು ಬಂದಿಳಿದರು. ಮಂಟಪದ ಪೆಡಲು ತುಳಿದರೆ ತಗಡಿನ ಚಾವಣಿಯಿಂದ ಇಳಿದು ತೊಟ್ಟಿಯಲ್ಲಿ ತುಂಬಿದ ನೀರು ಗಾಜಿನ ಕೊಳವೆಯಲ್ಲಿ ಸುತ್ತಿ, ಗಾಲಿ ತಿರುಗಿಸಿ, ಗಂಟೆ ಬಾರಿಸಿ ಲೋಟಕ್ಕೆ ಬೀಳುತ್ತಿತ್ತು. ಒಂದು ಲೋಟ ನೀರಿಗೆ ಇಂಥ ಮೆರವಣಿಗೆಯನ್ನು ಬ್ಯಾಡಗಿ ಕಂಡಿರಲಿಲ್ಲ.

"ತಂಗಿ, ಇದು ಮೊದಲ್ನೇ ಮಳಿ," ಗುತ್ತೆವ್ವ ತಂಡದ ಮುಂದಾಳು ಶ್ವೇತಾಳ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ತಗಡು ತೊಳಕೊಂಡು ಹೋಗ್ಲಿ ಬಿಡು. ಎರಡ್ನೇ ಮಳಿದು ಕುಡಸ್ರಿ."

"ಸೋಸಾಕ ಜಾಳಿಗಿ ಹಾಕೇವಿ ಯವ್ವಾ. ಇದೆಲ್ಲಾ ಲೆಕ್ಕಾ ಹಾಕಿ ಮಾಡಿದ್ದು, ನಿಮಗ ತಿಳಿಯಂಗಿಲ್ಲ."

"ಹೌದವಾ. ಹತ್ತೊಂಬತ್ತು ವರ್ಷ ಇಲ್ಲೇ ಕುಂತೇನಿ, ನನಗೇನು ತಿಳಿತೈತಿ."

ಪರೀಕ್ಷಕರು ತಾವೇ ಪೆಡಲು ತುಳಿದರು. "ಜನ ಕೈಜೋಡಿಸಬೇಕು, ಅದೇ ಈ ಯೋಜನೆಯ ಆತ್ಮ," ಎಂದು ವಿದ್ಯಾರ್ಥಿಗಳು ಹಿಡಿದ ಹೊಸ ಡಿಜಿಟಲ್ ಕ್ಯಾಮೆರಾದತ್ತ ನಕ್ಕು ಲೋಟ ಎತ್ತಿ ಕುಡಿದರು.

ಎರಡು ತಿಂಗಳು ತಗಡಿನ ಮೇಲೆ ಕುಳಿತಿದ್ದ ಮೆಣಸಿನ ಪುಡಿ ಜಾಳಿಗೆಯಲ್ಲಿ ನುಸುಳಿ, ಗಾಲಿ ತಿರುಗಿಸಿ, ಗಂಟೆ ಬಾರಿಸಿಯೇ ಬಂದಿತ್ತು. ಪರೀಕ್ಷಕರ ಕಣ್ಣು, ಮೂಗು, ಬಾಯಿ ಎಲ್ಲವೂ ಕೈಜೋಡಿಸಿದವು.

"ನೀರು ತರ್ರಿ, ಲಗೂ," ಹಾಲೇಶಪ್ಪ ಕೂಗಿದ. ಮಳೆನೀರಿನ ಮಂಟಪದ ಸುತ್ತ ಎಲ್ಲಿದೆ ನೀರು? ಶ್ವೇತಾ ಗುತ್ತೆವ್ವನ ಕೊಡಕ್ಕೆ ಕೈ ಹಾಕಿದಳು. ಅರ್ಧ ಪರೀಕ್ಷಕರ ಬಾಯಿಗೆ, ಇನ್ನರ್ಧ ಮುಖಕ್ಕೆ. ಕೊಡ ಬರಿದಾಯಿತು.

"ಏನಿತ್ರೀ ಅದ್ರಲ್ಲಿ? ವಿಷಾನಾ?" ಪರೀಕ್ಷಕರು ಕೆಮ್ಮುತ್ತ ಕೇಳಿದರು.

"ವಿಷ ಅಲ್ರಿ ಸಾಹೇಬ್ರ," ಗುತ್ತೆವ್ವ ಹೇಳಿದಳು. "ನೀವು ಒಂದು ಗುಟುಕು ಕುಡಿದ್ರಿ. ನಾವು ಅದನ್ನ ದಿನಾ ಉಸುರಾಡ್ತೇವಿ."

ಶ್ವೇತಾ ಅವಸರದಲ್ಲಿ ಒಡ್ಡಿದ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಪರೀಕ್ಷಕರು ಅಂಕಪಟ್ಟಿಗೆ ಕೈ ಚಾಚಿದರು. ಗುತ್ತೆವ್ವ ಖಾಲಿ ಕೊಡವನ್ನು ಪೆಡಲಿನ ಮೇಲೆ ಬೋರಲು ಹಾಕಿ ಮಂಟಪದ ನಡುವೆ, ಮೊದಲು ನಳವಿದ್ದ ಜಾಗದಲ್ಲೇ ಕುಳಿತಳು. ಉಳಿದ ಹನ್ನೊಂದು ಮಂದಿ ಮೆಣಸಿನ ರಾಶಿ ಬಿಟ್ಟು ಬಂದು ಅವಳ ಸುತ್ತ ಕುಳಿತರು.

"ಮೊದ್ಲು ನಮ್ಮ ನಳ ತಿರುಗಿ ಹಚ್ಚು ತಂಗಿ. ಆಮ್ಯಾಲೆ ಮಾರ್ಕ್ಸ್ ಹಾಕಿಸ್ಕೋ."