ಅಂಚಿನ ಹೊಲಿಗೆ

ಪರದೆಯ ಮೇಲೆ ತಮಿಳು ಸಿನಿಮಾದ ನಾಯಕ ಲಂಚಕೋರ ಅಧಿಕಾರಿಯ ಕೊರಳಪಟ್ಟಿ ಹಿಡಿದಾಗ ಕೊಟ್ಟೂರಿನ ಟೆಂಟಿನ ತುಂಬ ಸಿಳ್ಳೆ ಎದ್ದಿತು. ಯಾರಿಗೂ ತಮಿಳು ಬಾರದಿದ್ದರೂ ‘ಲಂಜಂ’ ಎಂದರೆ ಲಂಚವೆಂದು ಎಲ್ಲರಿಗೂ ತಿಳಿದಿತ್ತು. ದವಾಖಾನೆಯ ಗೇಟು ಕಾಯುವ ಚೌಡಣ್ಣನೂ ಹೊದ್ದ ಕಂಬಳಿಯೊಳಗಿಂದ ಕೈ ತೆಗೆದು, ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದ.

ಹೆಂಗಸರ ಕಡೆಯ ಹಗ್ಗದಾಚೆಯಿಂದ ಒಂದು ಕೈ ಬಂದು ಅವನ ಕಂಬಳಿಯ ಅಂಚನ್ನು ಹಿಡಿಯಿತು. ಆ ಬೆರಳುಗಳು ಕತ್ತಲಲ್ಲೇ ಹೊಲಿಗೆಯನ್ನು ತಡವುತ್ತ ಹೋಗಿ ಮೂಲೆಯ ಗಂಟಿನ ಮೇಲೆ ನಿಂತವು.

“ಇದು ನಾ ಹಾಕಿದ ಹೊಲಿಗಿ,” ಎಂದಳು ಕುರಿ ಕಾಯುವವರ ಮನೆಯ ಮುದುಕಿ ಭರಮಮ್ಮ. “ಜ್ವರ ಬಂದು ದವಾಖಾನಿಗೆ ಹೋಗುವಾಗ ನನ್ನ ಮಗ ಇದನ್ನ ಹೊದ್ದಿದ್ದ. ಹೆಣ ಬಂದಾಗ ಮೈಮ್ಯಾಗ ಇದ್ದಿಲ್ಲ. ನಿನಗೆಲ್ಲಿ ಸಿಕ್ತಪ್ಪ?”

ಅಂದು ಗೇಟಿನ ಮುಂದೆ ನಡುಗುತ್ತ ನಿಂತವನಿಂದ ಈ ಕಂಬಳಿ ಬಿಚ್ಚಿಸಿಕೊಂಡ ಮೇಲೆಯೇ ಚೌಡಣ್ಣ ಚಿಲಕ ತೆಗೆದಿದ್ದ.

“ಸಂತ್ಯಾಗ ತಗಂಡಿದ್ದು, ಯವ್ವಾ,” ಎಂದ. ನಡುಗುವ ಹೆಗಲಿಂದ ಕಂಬಳಿ ಜಾರಿತು.

ಪರದೆಯ ಮೇಲೆ ಅಧಿಕಾರಿ ತಮಿಳಿನಲ್ಲಿ ಅಳುತ್ತಿದ್ದ. ಮುದುಕಿ ಹಗ್ಗದ ಮೇಲೆ ಬಾಗಿ, ಕಂಬಳಿಯನ್ನು ಎತ್ತಿ ಚೌಡಣ್ಣನ ಮೈಗೆ ಮತ್ತೆ ಹೊದಿಸಿದಳು.

“ಹೊದ್ಕಳಪ್ಪ. ಅವನೂ ಹಿಂಗ ನಡುಗತಿದ್ದ.”