ಬರುವಾಗ ಟ್ಯಾಕ್ಸಿ

ಚೀಲದಲ್ಲಿ ಏನಿದೆ ಎಂದು ಬಸ್ಸಿನಲ್ಲಿ ಕೂತ ಮೇಲೂ ಮಗಳು ಬಾಯಿ ಬಿಡಲಿಲ್ಲ.

"ಬೆಕ್ಕಿನ ಮರಿಯಾ?" ಅಪ್ಪ ಕೇಳಿದ.

"ಅಲ್ಲ."

"ಚಾಕೊಲೇಟಾ? ಪಾರ್ಕಿನ ಒಳಗೆ ತಿಂಡಿ ಬಿಡಲ್ಲ ಗುಬ್ಬಿ, ಗೇಟಲ್ಲೇ ಕಿತ್ಕೋತಾರೆ."

"ತಿನ್ನೋದಲ್ಲ," ಎಂದು ಅವಳು ಚೀಲವನ್ನು ಎದೆಗೆ ಒತ್ತಿಕೊಂಡಳು. ಅಪ್ಪ ಕೆದಕಲು ಹೋಗಲಿಲ್ಲ. ಮಾತಾಡುತ್ತಿದ್ದಾಳಲ್ಲ, ಅವನಿಗೆ ಅಷ್ಟೇ ಸಾಕಾಗಿತ್ತು.

ಅವಳ ಅಮ್ಮ ಒಂದು ಬೆಳಗಿನ ಜಾವ ಎದೆ ಹಿಡಿದುಕೊಂಡು ಆಂಬುಲೆನ್ಸ್ ಹತ್ತಿದವಳು ವಾಪಸಾಗಿರಲಿಲ್ಲ. ಮಗು ಎದ್ದಾಗ ಹಾಸಿಗೆ ಖಾಲಿ. ಇಷ್ಟು ಚಿಕ್ಕದಕ್ಕೆ ಸತ್ತವರ ಮುಖ ತೋರಿಸುವುದು ಬೇಡ ಎಂದು ದೊಡ್ಡವರು ತೀರ್ಮಾನಿಸಿದರು. ಅಪ್ಪನೂ ಹೂಂ ಎಂದ. ಅಂದಿನಿಂದ ಮನೆಯಲ್ಲಿ ಆ ಮಗುವಿನ ಸ್ವರವೇ ಇಲ್ಲ. ತಟ್ಟೆಯ ಮುಂದೆ ಕೂತರೆ ಕೂತೇ ಇರುತ್ತಿದ್ದಳು. ಹೆಂಡತಿಗಾಗಿ ಅಳಲೂ ಅವನಿಗೆ ಪುರುಸೊತ್ತು ಸಿಗಲಿಲ್ಲ. ಮಗಳೂ ಎಲ್ಲಿ ಕೈತಪ್ಪಿ ಹೋಗುತ್ತಾಳೋ ಎಂಬ ಭಯ.

ಕೊನೆಗೆ ಅವಳ ಬಾಯಿ ಬಿಡಿಸಿದ್ದು ಒಂದು ಬೋರ್ಡು.

ಅಪ್ಪ ಬೋರ್ಡು ಬರೆಯುವವನು. ಊರಾಚೆಯ ಥೀಮ್ ಪಾರ್ಕಿನವರು ಹ್ಯಾಲೋವೀನ್ ರಾತ್ರಿಗೆಂದು ಭೂತದ ಮನೆ ಕಟ್ಟಿಸಿ, ಬಾಗಿಲ ಬೋರ್ಡನ್ನು ಅವನಿಗೇ ವಹಿಸಿದ್ದರು. ಮನೆಯ ವರಾಂಡದಲ್ಲೇ ಹಲಗೆ ಒರಗಿಸಿ, ಕಪ್ಪು ಬಳಿದು, ಅದರ ಮೇಲೆ ರಕ್ತ ತೊಟ್ಟಿಕ್ಕುವ ಅಕ್ಷರಗಳನ್ನು ಬರೆದ. ಕುಂಚ ತೊಳೆಯುತ್ತಿದ್ದಾಗ ಬೆನ್ನ ಹಿಂದೆ ಸಣ್ಣ ಸ್ವರ ಕೇಳಿಸಿತು. ಆಗಷ್ಟೇ ಅಕ್ಷರ ಕೂಡಿಸಲು ಕಲಿತ ಮಗಳು ನಿಂತು ಓದುತ್ತಿದ್ದಳು.

"ಹೋ-ದ-ವ-ರೆಲ್ಲ ಬ-ರು-ತ್ತಾ-ರೆ. ಒಂ-ದೇ ರಾ-ತ್ರಿ."

ಅವಳು ತಾನಾಗಿ ಓದಿದ ಮೊದಲ ಸಾಲು. ಅಪ್ಪನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

"ಅಪ್ಪಾ, ನಾವೂ ಹೋಗೋಣ," ಎಂದಳು.

ಮನೆ ನೋಡಿಕೊಳ್ಳಲು ಬಂದಿದ್ದ ಅವನ ಅಕ್ಕ ಕೇಳಿ ಸಿಡಿದಳು. "ಜಿರಲೆ ಕಂಡ್ರೆ ಮಂಚ ಹತ್ತೋ ಮಗು ಅದು. ಭೂತದ ಮನೆಗೆ ಕರ್ಕೊಂಡು ಹೋಗ್ತೀಯಾ? ತಲೆ ನೆಟ್ಟಗಿದೆಯಾ ನಿನಗೆ?"

"ಅವಳಾಗಿ ಕೇಳಿರೋದು ಇದೊಂದೇ ಅಕ್ಕ. ಚಂದ್ರನ್ನ ಕೇಳಿದ್ರೂ ಏಣಿ ಹುಡುಕ್ತಿದ್ದೆ."

ಅಕ್ಕ ಗೊಣಗುತ್ತ ಬೀರು ಖಾಲಿ ಮಾಡುವ ಕೆಲಸಕ್ಕೆ ಮರಳಿದಳು. ಹೆಂಡತಿಯ ಬಟ್ಟೆಬರೆ, ಬಾಚಣಿಗೆ ಎಲ್ಲ ಒಂದೊಂದಾಗಿ ಕಣ್ಮರೆಯಾಗುತ್ತಿದ್ದವು. ಕಿಟಕಿಯ ಬಳಿ ಇದ್ದ ಅವಳ ಕನ್ನಡಕವೂ ಇರಲಿಲ್ಲ. ಅಕ್ಕನೇ ಎತ್ತಿಟ್ಟಿರಬೇಕು. ಎಲ್ಲಿಟ್ಟೆ ಎಂದು ಕೇಳದೆ ಅವನು ಮುಖವಾಡಕ್ಕೆ ರಟ್ಟು ಹುಡುಕತೊಡಗಿದ.

ಏರ್ಪಾಡೆಲ್ಲ ಮಗಳದೇ. ಅಪ್ಪ ಕೂತು ಅವಳಿಗೊಂದು ಮುಖವಾಡ ಮಾಡಿದ: ಕುಂಬಳಕಾಯಿ ಮುಖ, ಎರಡೇ ಹಲ್ಲು. ಅವಳು ಬೇಡವೆಂದಳು.

"ಮುಖ ಮುಚ್ಕೊಂಡ್ರೆ ನಾನು ಯಾರಂತ ಗೊತ್ತಾಗಲ್ಲ."

"ಮಜಾ ಇರೋದೇ ಅದರಲ್ಲಿ."

"ಬೇಡ."

ಹೊಸ ಬಟ್ಟೆಯೂ ಬೇಡ. ಹಳೆಯ ನೀಲಿ ಫ್ರಾಕೇ ಆಗಬೇಕು. ಗಿಡ್ಡವಾಗಿದೆ ಎಂದರೂ ಕೇಳಲಿಲ್ಲ. ಹೋಗುವಾಗ ಬಸ್ಸಾದರೂ ಪರವಾಗಿಲ್ಲ, ಬರುವಾಗ ಮಾತ್ರ ಟ್ಯಾಕ್ಸಿಯೇ ಬೇಕು ಎಂದು ಪಟ್ಟು ಹಿಡಿದಳು.

"ಬಸ್ಸಲ್ಲಿ ವಾಂತಿ ಬರುತ್ತೆ."

"ನಿನಗೆ ಯಾವತ್ತು ಬಂದಿತ್ತು? ಅಮ್ಮನ ಬಸ್ಸಿನ ರೋಗ ನಿನಗೂ ಅಂಟ್ಕೊಂಡ್ತಾ?" ಎಂದವನು ನಾಲಿಗೆ ಕಚ್ಚಿಕೊಂಡ. ಮಗಳ ಮುಖ ಬಾಡಲಿಲ್ಲ. ಗಾಯ ಮಾಯುತ್ತಿದೆ ಎಂದುಕೊಂಡ. ಅಷ್ಟು ಬೇಗ ಮಾಯಿತೇ ಎಂದು ಒಂದು ಗಳಿಗೆ ಹೆಂಡತಿಯ ಪರವಾಗಿ ನೊಂದುಕೊಂಡ.

ಹೊರಡುವ ಹಿಂದಿನ ದಿನ ಊಟದ ಹೊತ್ತಿಗೆ ಅವಳ ಮುಖದಲ್ಲಿ ಚಿಂತೆ ಕಂಡಿತು.

"ಅಪ್ಪಾ, ಆ ರಾತ್ರಿ ಮುಗಿದ ಮೇಲೆ ಅವರೆಲ್ಲ ಎಲ್ಲಿಗೆ ಹೋಗ್ತಾರೆ?"

ಹೆದರಿದ್ದಾಳೆ ಎಂದುಕೊಂಡು ಅಪ್ಪ ವೇಷ ಹಾಕುವವರ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. "ಎಲ್ಲಿಗೆ ಹೋಗ್ತಾರೆ? ಅವರವರ ಮನೆಗೆ. ಅವರಿಗೂ ಮಕ್ಕಳುಮರಿ ಇರಲ್ವಾ?"

ಅವಳು ತಟ್ಟೆ ಖಾಲಿ ಮಾಡಿದಳು. ಇನ್ನೊಂದಿಷ್ಟು ಹಾಕಿಸಿಕೊಂಡಳು. ಅಡುಗೆಮನೆಯಲ್ಲಿ ಅಕ್ಕ ಕಣ್ಣೊರೆಸಿಕೊಂಡಳು.

ಪಾರ್ಕಿನಲ್ಲಿ ಅವಳು ಜೈಂಟ್ ವೀಲಿನತ್ತ ತಿರುಗಿಯೂ ನೋಡಲಿಲ್ಲ. ನೇರ ಭೂತದ ಮನೆ. ಬಾಗಿಲಲ್ಲಿ ಅಪ್ಪನ ಬೋರ್ಡು ದೀಪದಲ್ಲಿ ಕೆಂಪಗೆ ಹೊಳೆಯುತ್ತಿತ್ತು. ಅವಳು ಅದನ್ನು ಇನ್ನೊಮ್ಮೆ ತಡವರಿಸದೆ ಓದಿದಳು.

"ಇದು ಸುಳ್ಳಾಗಲ್ಲ ಅಲ್ವಾ?"

"ಅಪ್ಪ ಬರೆದ ಬೋರ್ಡು ಯಾವತ್ತಾದ್ರೂ ಸುಳ್ಳಾಗಿದೆಯಾ?"

ಒಳಗೆ ಕತ್ತಲು, ಹೊಗೆ, ಕಿರುಚಾಟ. ದೊಡ್ಡ ಗಂಡಸರೇ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿದ್ದರು. ಮಗಳು ಮಾತ್ರ ಪ್ರತಿ ಭೂತದ ಮುಂದೆಯೂ ನಿಂತು, ತಲೆಯಿಂದ ಕಾಲಿನವರೆಗೆ ದಿಟ್ಟಿಸಿ, "ಇದಲ್ಲ" ಎಂದು ಮುಂದೆ ಹೋಗುತ್ತಿದ್ದಳು. ರುಂಡ ಕೈಯಲ್ಲಿ ಹಿಡಿದಿದ್ದ ಭೂತ ಮುಜುಗರಪಟ್ಟುಕೊಂಡು ದಾರಿ ಬಿಟ್ಟಿತು. ಅಪ್ಪನಿಗೆ ನಗು ತಡೆಯಲಾಗಲಿಲ್ಲ. ತಾನು ನಗುತ್ತಿದ್ದೇನೆಂದು ಅವನಿಗೇ ಆಶ್ಚರ್ಯ.

ಕೊನೆಯ ಕೋಣೆಯಲ್ಲಿ ಒಂದೇ ಭೂತ. ಬಿಳಿ ನಿಲುವಂಗಿ, ಮುಖದ ತುಂಬ ಕೂದಲು. ಅದು ಕೈ ಚಾಚಿ, ಏನೂ ಕಾಣದವರ ಹಾಗೆ ಗಾಳಿಯಲ್ಲಿ ತಡಕಾಡುತ್ತ ಬಂತು.

ಮಗಳು ಅಪ್ಪನ ಕೈ ಬಿಟ್ಟಳು. ಫ್ರಾಕು ಸರಿಮಾಡಿಕೊಂಡಳು. ಚೀಲದ ಬಾಯಿ ಬಿಚ್ಚಿ ಒಳಗಿದ್ದುದನ್ನು ತೆಗೆದು, ಎರಡೂ ಕೈಯಲ್ಲಿ ಜೋಪಾನವಾಗಿ ಮೇಲಕ್ಕೆ ಹಿಡಿದಳು.

"ಕನ್ನಡಕ ಮನೇಲೇ ಬಿಟ್ಟು ಹೋಗಿದ್ಯಲ್ಲ, ಅದಕ್ಕೇ ನಾನು ಕಾಣ್ತಿಲ್ಲ ನಿನಗೆ. ಹಾಕ್ಕೋ ಅಮ್ಮ, ಮನೆಗೆ ಟ್ಯಾಕ್ಸೀಲಿ ಹೋಗೋಣ."