ಇಳಿಯೋ ಲೆಕ್ಕ

ಆಪರೇಷನ್ ಕೋಣೆಯ ಹೊಸ್ತಿಲಿಗೆ ಬಂದ ತಳ್ಳುಗಾಡಿ ಅಲ್ಲೇ ನಿಂತುಬಿಟ್ಟಿತು. ಅದರ ಮೇಲೆ ಮಲಗಿದ್ದ ಶಿವಕಾಂತಮ್ಮ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ನಾ ಒಲ್ಲೆ. ಮನಿಗೆ ಹೋಗಾಮು ನಡಿ ಶ್ರುತಿ. ಶಹಾಬಾದ ಊರಿಗೆ ಊರೇ ಕಲ್ಲಿನ ಮ್ಯಾಲ ಕುಂತದ. ನನ್ನ ಪಿತ್ತದ ಚೀಲದಾಗ ಎರಡು ಹರಳಿದ್ರ ಯಾರಿಗೇನು ತ್ರಾಸು?"

"ತ್ರಾಸು ನಿನಗೇ ಆಗ್ಯದಲ್ಲ ಯವ್ವಾ. ಮೂರು ತಿಂಗಳಾತು, ನೆಟ್ಟಗ ಉಂಡಿಲ್ಲ ನೀ," ಎಂದಳು ಮಗಳು ಶ್ರುತಿ, ತಾಯಿಗಷ್ಟೇ ಕೇಳುವ ದನಿಯಲ್ಲಿ.

ಗಾಡಿ ತಳ್ಳುತ್ತಿದ್ದ ಆಯಾ ಮರೆಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಹೋದ ಸಲಾನೂ ಇಲ್ಲೀತನ ಬಂದು ಚಪ್ಪಲಿ ಮೆಟ್ಕೊಂಡು ಸೀದಾ ನಿಮ್ಮೂರು ವಾಡಿಗೆ ಹೋದ್ರಿ ಅಕ್ಕಾ. ಈ ಸಲ ನಿಮ್ಮ ಚಪ್ಪಲಿ ನಾನೇ ಮುಚ್ಚಿಟ್ಟೀನಿ." ಬೆಂಚಿನ ಮೇಲೆ ಸಾಲಾಗಿ ಕುಳಿತಿದ್ದವರೆಲ್ಲ ನಕ್ಕರು. ಶ್ರುತಿ ತಲೆ ತಗ್ಗಿಸಿದಳು.

ಹಸಿರು ಟೊಪ್ಪಿಗೆಯ ಡಾಕ್ಟರು ಹೊರಗೆ ಬಂದರು. "ಒಂದು ಸೂಜಿ, ಅಷ್ಟೇ ಅಮ್ಮಾ. ಮಲಗ್ತೀರಿ, ಏಳ್ತೀರಿ."

"ಏಳಲಿಲ್ಲಂದ್ರ? ಬರದು ಕೊಡ್ತೀರೇನ್ರಿ ಸಾಹೇಬ್ರ?"

ಡಾಕ್ಟರು ಶ್ರುತಿಯ ಕಡೆ ತಿರುಗಿದರು. ಹರಳು ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ ಎಂದು ಅವರು ಮೊದಲೇ ಹೇಳಿದ್ದರು. "ಐದು ನಿಮಿಷ ನೋಡ್ತೀನಿ. ಆಗಲ್ಲ ಅಂದ್ರೆ ಬೇರೆಯವರನ್ನ ಒಳಗೆ ತಗೋತೀನಿ," ಎಂದು ಹೋದರು.

ಅವ್ವನ ಅಂಜಿಕೆಗೆ ಮದ್ದು ಏನೆಂದು ಶ್ರುತಿಗೆ ಗೊತ್ತಿತ್ತು. ಅದನ್ನು ನಿಲ್ಲಿಸಿದ್ದವಳೂ ಅವಳೇ. ಮದುವೆಯಾದ ಹೊಸದರಲ್ಲಿ ಶಿವಕಾಂತಮ್ಮ ವಾಡಿಯ ಸಿಮೆಂಟ್ ಕಾಲೊನಿಯ ಆಫೀಸರರ ಬಂಗಲೆಗೆ ಅಡುಗೆ ಕೆಲಸಕ್ಕೆ ಹೋಗುತ್ತಿದ್ದಳು. ಆಗ ಇಡೀ ಕಾಲೊನಿಗೆ ಅದೊಂದೇ ಮೈಕ್ರೋವೇವ್ ಓವನ್. ಟ್ರಂಕಿನಷ್ಟು ದೊಡ್ಡದು, ಇಬ್ಬರು ಹೊತ್ತು ತಂದಿದ್ದರಂತೆ. ಬೆಂಕಿಯೇ ಇಲ್ಲದೆ ಹಾಲು ಉಕ್ಕಿದ್ದನ್ನು ಕಂಡು ಅವಳು ಸೆರಗು ಬಾಯಿಗಿಟ್ಟುಕೊಂಡು ಅಂಗಳಕ್ಕೆ ಓಡಿದ್ದಳು. ಬಂಗಲೆಯ ಮೇಡಂ ಬೈಯಲಿಲ್ಲ. ಕೈಹಿಡಿದು ಕರೆತಂದು, ಪೆಟ್ಟಿಗೆಯ ಮುಂದೆ ನಿಲ್ಲಿಸಿ, ಮಿನುಗುವ ಕೆಂಪು ಅಂಕಿಗಳನ್ನು ಒಂದೊಂದಾಗಿ ಹೇಳಿಸಿದರು: ಥರ್ಟಿ, ಟ್ವೆಂಟಿನೈನ್, ಟ್ವೆಂಟಿಏಟ್... ಜೀರೋ ಆದರೆ ಟಿಣ್ ಅನ್ನುತ್ತದೆ. ಬಾಗಿಲು ತೆಗೆದರೆ ಇಟ್ಟದ್ದು ಇಟ್ಟಲ್ಲೇ ಇರುತ್ತದೆ, ಬಿಸಿಯಾಗಿರುತ್ತದೆ ಅಷ್ಟೇ. ಶಾಲೆಯ ಮುಖ ನೋಡದ ಶಿವಕಾಂತಮ್ಮನಿಗೆ ಬರುವ ಇಂಗ್ಲಿಷ್ ಎಂದರೆ ಇದಿಷ್ಟೇ, ಅದೂ ಇಳಿಯುತ್ತ ಮಾತ್ರ. ಏರುತ್ತ ಹೇಳು ಎಂದರೆ ಮೂರಕ್ಕೇ ತಡವರಿಸುತ್ತಿದ್ದಳು.

ಶಿವಕಾಂತಮ್ಮನ ಮನೆಗೆ ಓವನ್ ಬರಲಿಲ್ಲ; ಲೆಕ್ಕ ಬಂತು. ಕಾಲಿನ ಮುಳ್ಳು ತೆಗೆಯುವಾಗ, ನೆತ್ತಿಗೆ ಬಿಸಿನೀರು ಹೊಯ್ಯುವಾಗ, ಸೂಜಿ ಹಾಕಿಸುವಾಗ ಅವ್ವ ಥರ್ಟಿಯಿಂದ ಶುರು ಮಾಡುತ್ತಿದ್ದಳು. ಜೀರೋಗೆ ಬರುವಷ್ಟರಲ್ಲಿ ನೋವು ಮುಗಿದಿರುತ್ತಿತ್ತು. ಒಂದನೇ ತರಗತಿಯಲ್ಲಿ ಟೀಚರು ಇಂಗ್ಲಿಷಿನಲ್ಲಿ ಅಂಕಿ ಹೇಳು ಎಂದಾಗ ಶ್ರುತಿ ಎದ್ದು ನಿಂತು ಥರ್ಟಿ ಎಂದಳು. ಅಂದಿನಿಂದ ಅವಳು ಶಾಲೆಗೆಲ್ಲ 'ಉಲ್ಟಾ ಶ್ರುತಿ'. ಅತ್ತುಕೊಂಡು ಮನೆಗೆ ಬಂದು, "ಮಂದಿ ಮುಂದ ಇನ್ನ ಹಂಗ ಎಣಸಬ್ಯಾಡ" ಎಂದಿದ್ದಳು. ಅವ್ವ ಮತ್ತೆ ಎಣಿಸಲಿಲ್ಲ. ಮಗಳೂ ಮತ್ತೆ ತರಗತಿಯಲ್ಲಿ ತಾನಾಗಿ ಎದ್ದು ನಿಲ್ಲಲಿಲ್ಲ. ಡಿಗ್ರಿ ಮುಗಿದರೂ ನಾಲ್ಕು ಜನರ ಮುಂದೆ ಬಾಯಿ ತೆರೆಯುತ್ತಿರಲಿಲ್ಲ.

ಈಗ ಬೆಂಚಿನವರೆಲ್ಲ ಇತ್ತಲೇ ನೋಡುತ್ತಿದ್ದರು. ಚೌಕಟ್ಟು ಹಿಡಿದಿದ್ದ ಅವ್ವನ ಕೈಯ ಮೇಲೆ ಶ್ರುತಿ ತನ್ನ ಕೈಯಿಟ್ಟಳು. "ಥರ್ಟಿ," ಎಂದಳು. ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. "ಟ್ವೆಂಟಿನೈನ್."

ಶಿವಕಾಂತಮ್ಮ ಕಣ್ಣರಳಿಸಿದಳು. "ಮಂದಿ ಅದಾರಲ್ಲೇ!"

"ಇದ್ರ ಇರ್ಲಿ ಬಿಡು. ಟ್ವೆಂಟಿಏಟ್."

"ಟ್ವೆಂಟಿಸೆವೆನ್," ಎಂದಳು ಅವ್ವ ಮೆಲ್ಲಗೆ. ಒಂದು ಬೆರಳು ಸಡಿಲಾಯಿತು. ಟ್ವೆಂಟಿಫೋರ್ ಬರುವಷ್ಟರಲ್ಲಿ ಎರಡೂ ಕೈ ಎದೆಯ ಮೇಲಿದ್ದವು. ಮರೆಮ್ಮ ತಡಮಾಡದೆ ಗಾಡಿ ನೂಕಿದಳು. ಬಾಗಿಲು ಮುಚ್ಚಿಕೊಂಡ ಮೇಲೂ ಒಳಗಿನಿಂದ ಅವ್ವನ ದನಿ ಕೇಳಿತು: "ಸುಮ್ಕ ಯಾಕ ನಿಂತೀರಿ ಸಾಹೇಬ್ರ? ನೀವೂ ಎಣಸ್ರಿ! ಮತ್ತ ಥರ್ಟಿಯಿಂದ!"

ಗಾಡಿ ಬಿಟ್ಟು ಬಂದ ಮರೆಮ್ಮ ಗಲ್ಲಕ್ಕೆ ಬೆರಳಿಟ್ಟಳು. "ನಿಮ್ಮವ್ವ ಇಂಗ್ಲಿಷ್ ಸಾಲಿ ಕಲ್ತಾಳೇನವ್ವ?"

"ಹೂಂ. ವಾಡಿ ಕಾಲೊನ್ಯಾಗ," ಎಂದು ಶ್ರುತಿ ನಕ್ಕಳು.

ಎರಡು ತಾಸಿನ ಮೇಲೆ ಡಾಕ್ಟರು ಸಣ್ಣ ಬಾಟಲಿಯಲ್ಲಿ ಎರಡು ಹರಳು ತಂದು ತೋರಿಸಿದರು. "ಚೆನ್ನಾಗಾಯ್ತು. ನಮ್ಮನ್ನೆಲ್ಲ ಎಣಿಸೋಕೆ ಹಚ್ಚಿ, ತಾವು ಇಲೆವೆನ್‌ಗೆ ಮಲಗಿಬಿಟ್ರು ನಿಮ್ಮಮ್ಮ."

ಸಂಜೆ ವಾರ್ಡಿನಲ್ಲಿ ಶ್ರುತಿ ಮಂಚದ ಪಕ್ಕ ಕುಳಿತಿದ್ದಳು. ಮಂಪರಿನಲ್ಲಿದ್ದ ಅವ್ವನ ಒಣಗಿದ ತುಟಿ ಅಲುಗಿತು. ನೀರು ಕೇಳುತ್ತಿರಬಹುದೆಂದು ಕಿವಿ ಹತ್ತಿರ ಒಯ್ದಳು.

"ಟೆನ್... ನೈನ್..."

ಶ್ರುತಿ ಹಾಗೇ ಬಗ್ಗಿ ಕಾದಳು. ಏಟ್ ಬಂತು, ಸೆವೆನ್ ಬಂತು, ಫೋರ್ ಹತ್ತಿರ ತುಸು ತಡವಾಯಿತು. ಒನ್ ಆಗಿ ಜೀರೋ ಬಂದೊಡನೆ ಅವಳು ಚಮಚ ಎತ್ತಿ ಸ್ಟೀಲ್ ಲೋಟಕ್ಕೆ ಒಂದು ಏಟು ಹಾಕಿದಳು. ಟಿಣ್!

ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಶಿವಕಾಂತಮ್ಮ ಮಾತ್ರ ಕಣ್ಣು ತೆರೆಯದೆಯೇ ಅಂದಳು:

"ಭಾಳ ಬಿಸಿ ಇರ್ತದವ್ವ. ಮಸಿ ಅರಿವಿ ಹಿಡಕೊಂಡು ತೆಗಿ."